ಬೇರಿನ ಸಾರ, ಅಣಬೆಯ ಪರೀಕ್ಷೆ, ನಮ್ಮ ಚರ್ಮ

ರಾಂಜಣಗಾಂವದ ಕಾರಖಾನೆಗಳಲ್ಲಿಯೂ ಹೆದ್ದಾರಿಯ ಹೋಟೆಲುಗಳಲ್ಲಿಯೂ ಬಿಸಿಲಿಗೆ, ಭಟ್ಟಿಯ ಕಾವಿಗೆ ಮೈಯೊಡ್ಡಿ ದುಡಿಯುವ ನಮ್ಮ ಬಂಧುಗಳು ಪಗಾರದ ಹಣದಲ್ಲಿ ಬಿಳುಪಿನ ಕ್ರೀಮನ್ನು ಕೊಳ್ಳುವುದುಂಟು. ‘ಗಿಡಮೂಲಿಕೆಯದು, ಪ್ರಯೋಗಾಲಯದಲ್ಲಿ ಪರೀಕ್ಷಿಸಿದ್ದು’ ಎಂಬ ಬರಹ ಡಬ್ಬಿಯ ಮೇಲಿದ್ದರೆ ನಂಬಿಕೆ ಇಮ್ಮಡಿಯಾಗುತ್ತದೆ. ಆ ಪರೀಕ್ಷೆ ಎಂಥದು ಎಂದು ಕೇಳುವುದು ದುಡ್ಡು ಕೊಡುವವನ ಹಕ್ಕೆಂದು ನಾವು ಭಾವಿಸುತ್ತೇವೆ.

ಚರ್ಮಕ್ಕೆ ಬಣ್ಣ ಕೊಡುವುದು ಮೆಲನಿನ್. ಅದು ಹುಟ್ಟಲು ಟೈರೊಸಿನೇಸ್ ಎಂಬ ಕಿಣ್ವ ಬೇಕು. ಪ್ರಯೋಗಾಲಯದವರು ಸಾಮಾನ್ಯವಾಗಿ ಅಣಬೆಯಿಂದ ಈ ಕಿಣ್ವವನ್ನು ತೆಗೆದು, ಜೇಷ್ಠಮಧುವಿನಂಥ ಬೇರಿನ ಸಾರವನ್ನು ಅದಕ್ಕೆ ಬೆರೆಸಿ, ಬಣ್ಣ ಎಷ್ಟು ಏರುತ್ತದೆಂದು ಅಳೆಯುತ್ತಾರೆ. ಬಣ್ಣ ಕಡಿಮೆಯಾದರೆ ಸಾರ ಗೆದ್ದಂತೆ. ನೂರು ಗಿಡಗಳಲ್ಲಿ ಹತ್ತನ್ನು ಆರಿಸಲು ಇದು ಒಳ್ಳೆಯ ಜರಡಿಯೇ ಸರಿ. ಆದರೆ ಅಣಬೆಯ ಕಿಣ್ವ ಬೇರೆ, ಮನುಷ್ಯನದು ಬೇರೆ. 2018ರಲ್ಲಿ ಪ್ರಕಟವಾದ ಜರ್ಮನಿಯ ಸಂಶೋಧನೆಯೊಂದರಲ್ಲಿ ಸುಮಾರು 50,000 ಸಂಯುಕ್ತಗಳನ್ನು ಮನುಷ್ಯನ ಕಿಣ್ವದ ಮೇಲೆಯೇ ಒರೆಗೆ ಹಚ್ಚಲಾಯಿತು. ಆಗ, ಬಹುಕಾಲದಿಂದ ಹೆಸರು ಗಳಿಸಿದ್ದ ಕೋಜಿಕ್ ಆಮ್ಲ, ಅರ್ಬುಟಿನ್‌ಗಳು ಬಲು ದುರ್ಬಲವೆಂದು ಕಂಡುಬಂದಿತು.

ಗಿಡದಿಂದ ಬಂದದ್ದು ಕೇಡು ಮಾಡದೆಂಬ ಮಾತೂ ನಿಜವಲ್ಲ. ರೊಡೊಡೆಂಡ್ರಾಲ್ ಎಂಬುದು ಕೆಲವು ಮರಗಳಲ್ಲಿ ಸಿಗುವ ವಸ್ತು. ಸರಕಾರದ ಅನುಮತಿ ಪಡೆದೇ ಅದು ಜಪಾನಿನಲ್ಲಿ ಕ್ರೀಮುಗಳಿಗೆ ಸೇರಿತ್ತು. 2013ರಲ್ಲಿ ಆ ಕ್ರೀಮುಗಳನ್ನು ಹಿಂದಕ್ಕೆ ಪಡೆಯಬೇಕಾಯಿತು. ಸಾವಿರಾರು ಜನರ ಮುಖ, ಕೈಗಳ ಮೇಲೆ ಬಿಳಿಯ ಮಚ್ಚೆಗಳು ಎದ್ದಿದ್ದವು. ಇನ್ನು ಹೆಸರಿಲ್ಲದ ಕ್ರೀಮುಗಳಲ್ಲಿ ಪಾದರಸವೇ ಅಡಗಿರುವುದುಂಟು. ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಇಂಥವನ್ನು ಬಳಸಿದವರ ಮೂತ್ರಪಿಂಡ ಕೆಟ್ಟ ಸಂಗತಿಯನ್ನು 2023ರಲ್ಲಿ ವೈದ್ಯರು ಬೆಳಕಿಗೆ ತಂದರು.

ಆದುದರಿಂದ ತಯಾರಕರು ಡಬ್ಬಿಯ ಮೇಲೆ ಸ್ಪಷ್ಟವಾಗಿ ಬರೆಯಲಿ: ಪರೀಕ್ಷೆ ನಡೆದದ್ದು ಗಾಜಿನ ಕೊಳವೆಯಲ್ಲೋ, ಮನುಷ್ಯರ ಮೇಲೋ? ಎಷ್ಟು ಜನರ ಮೇಲೆ? ಎಷ್ಟು ತಿಂಗಳು? ಉತ್ತರವಿಲ್ಲದ ಡಬ್ಬಿಗೆ ನಮ್ಮ ಬೆವರಿನ ಕಾಸು ಸಲ್ಲಬಾರದು. ಮುಖದ ಮೇಲೆ ಹೊಸದಾಗಿ ಕಪ್ಪು ಕಲೆ ಎದ್ದರೆ ಸರಕಾರಿ ಆಸ್ಪತ್ರೆಯ ಚರ್ಮವೈದ್ಯರಿಗೆ ತೋರಿಸಿರಿ. ಅಂಗಡಿಯವನು ಕೊಟ್ಟದ್ದನ್ನು ಹಚ್ಚಬೇಡಿರಿ.

ಹುಟ್ಟಿನಿಂದ ಬಂದ ಕಪ್ಪು ಮಾತ್ರ ರೋಗವಲ್ಲ. 1975ರಲ್ಲಿ ಬಂದ ‘ಫೇರ್ ಅಂಡ್ ಲವ್ಲಿ’ 2020ರಲ್ಲಿ ‘ಫೇರ್’ ಎಂಬ ಪದವನ್ನು ಕೈಬಿಟ್ಟಿತು. ಗಲ್ಲೆಗೆ ಬೆಳ್ಳನೆಯ ಹುಡುಗ, ಪಾತ್ರೆ ತೊಳೆಯಲು ಕಪ್ಪು ಹುಡುಗ ಎನ್ನುವ ಮಾಲೀಕರು ಆ ಬುದ್ಧಿಯನ್ನು ಎಂದು ಕೈಬಿಡುವರು? ಬಿಸಿಲಿನಲ್ಲಿ ದುಡಿಯುವವನು ಅವರಲ್ಲಿ ಮೊದಲು ಕೇಳಬೇಕಾದುದು ನೆರಳು, ಟೋಪಿ, ಕುಡಿಯುವ ನೀರು. ಇವನ್ನು ಕೇಳಲು ನಮ್ಮವರು ಒಟ್ಟಾಗಿ ನಿಲ್ಲಬೇಕು.