ಪತ್ತನಾಜೆಯೊಳಗೆ ಒಮ್ಮೆ ಹಿಂಬದಿ ಬಿಚ್ಚಿಸಿ

ದಕ್ಷಿಣ ಕನ್ನಡ ಜಿಲ್ಲಾ ಪಂಚಾಯತ್‌ನ ಮುಖ್ಯ ಕಾರ್ಯನಿರ್ವಹಣಾಧಿಕಾರಿಯವರಿಗೆ ಬಹಿರಂಗ ಪತ್ರ

ಮಾನ್ಯರೇ,

ತುಳುವರ ಬೇಷ ತಿಂಗಳ ಹತ್ತನೇ ದಿನ ಪತ್ತನಾಜೆ. ಅಂದು ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ಕೋಲ-ನೇಮಗಳು ನಿಲ್ಲುತ್ತವೆ. ಮಾಡಿನ ಹಂಚು ಸರಿಪಡಿಸುವುದು, ಕಟ್ಟಿಗೆ ಒಳಗೆ ಹಾಕುವುದು ಅಷ್ಟರೊಳಗೆ ಮುಗಿಯಬೇಕು. ಮೇ 24ರ ಸುಮಾರಿಗೆ ಬರುವ ಈ ಗಡುವನ್ನು ತುಳುನಾಡಿಗೆ ಸುತ್ತೋಲೆ ಹೊರಡಿಸಿ ನೆನಪಿಸಬೇಕಾಗಿಲ್ಲ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ತಾಲೂಕುಗಳ ಪಂಚಾಯತ್ ಕಚೇರಿ, ಗ್ರಂಥಾಲಯ, ಶಾಲೆಗಳಲ್ಲಿ ಎಲ್ಲೆಲ್ಲಿ ಆಲ್-ಇನ್-ಒನ್ ಕಂಪ್ಯೂಟರ್ ಇದೆಯೋ ಅದರ ಹಿಂಬದಿ ಬಿಚ್ಚಿ ಶುಚಿಗೊಳಿಸುವುದಕ್ಕೂ ಇದೇ ಗಡುವು ಅನ್ವಯವಾಗಲಿ ಎಂಬುದು ಈ ಪತ್ರದ ಕೋರಿಕೆ.

ಆಲ್-ಇನ್-ಒನ್ ನೋಡಲು ಚೆಂದ; ಪ್ರತ್ಯೇಕ ಸಿಪಿಯು ಡಬ್ಬಿ ಇಲ್ಲ, ವಯರುಗಳ ಗೋಜಲಿಲ್ಲ. ಒಳಗಿರುವುದು ಮಾತ್ರ ಹೆಚ್ಚುಕಡಿಮೆ ಲ್ಯಾಪ್‌ಟಾಪೇ. ಪರದೆಯ ಬೆನ್ನಿಗೇ ಮದರ್‌ಬೋರ್ಡ್, ಪಕ್ಕದಲ್ಲೊಂದು ಪುಟ್ಟ ಫ್ಯಾನ್. ಬಿಸಿಗಾಳಿ ಹೋಗುವ ಕಿಂಡಿಗಳು ಹಿಂದೆ, ಮೇಲೆ. ಧೂಳು ಬೀಳದಿರಲೆಂದು ಯಂತ್ರ ಓಡುತ್ತಿರುವಾಗಲೇ ಅದರ ತಲೆಗೆ ಕಸೂತಿ ಬಟ್ಟೆ ಹೊದಿಸುವ ಭಕ್ತಿಯೂ ನಮ್ಮಲ್ಲಿದೆ. ಕಿಂಡಿ ಮುಚ್ಚಿದರೆ ಪ್ರೊಸೆಸರ್ ಬಿಸಿಯಾಗಿ ತಾನಾಗಿಯೇ ವೇಗ ತಗ್ಗಿಸಿಕೊಳ್ಳುತ್ತದೆ, ಕೊನೆಗೆ ಆಫ್ ಆಗುತ್ತದೆ. ದೂರು ಮಾತ್ರ ‘ಸರ್ವರ್ ಸ್ಲೋ’ ಎಂದು ಬರುತ್ತದೆ!

ಮಳೆಗಾಲದ ತೊಂದರೆ ಬೇರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯಲ್ಲೇ ನೀರು. ದಿನಗಟ್ಟಲೆ ಆಫ್ ಆಗಿರುವ ಯಂತ್ರದೊಳಗೆ ತೇವ ಕೂತು ಕನೆಕ್ಟರ್‌ಗಳು ಕಿಲುಬು ಹಿಡಿಯುತ್ತವೆ. ಇರುವೆ, ಹಲ್ಲಿಗಳಿಗೂ ಅದು ಬೆಚ್ಚಗಿನ ಮನೆ. ಇದೇ ಮಳೆಯಲ್ಲಿ ಮೂಡುಬಿದಿರೆಯ ಬಸದಿ ಧವಲಾ ಎಂಬ ಜೈನ ಗ್ರಂಥದ ತಾಳೆಗರಿಗಳನ್ನು ಶತಮಾನಗಳ ಕಾಲ ಉಳಿಸಿಕೊಂಡಿತು. ಕಂಪ್ಯೂಟರಿಗೆ ಅಷ್ಟು ಶ್ರದ್ಧೆ ಬೇಡ. ರಜೆಯಲ್ಲೂ ದಿನಕ್ಕೊಂದು ಗಂಟೆ ಆನ್ ಮಾಡಿಟ್ಟರೆ ಸಾಕು, ಒಳಗಿನ ಶಾಖವೇ ತೇವವನ್ನು ಒಣಗಿಸುತ್ತದೆ.

ಸಿಡಿಲಿನ ಮುಂದೆ ಈ ಉಪಾಯ ನಡೆಯದು. ಚಾರ್ಮಾಡಿ ಘಾಟಿಯ ಬುಡದ ಬೆಳ್ತಂಗಡಿಗೆ ಮುಂಗಾರಿಗೆ ಮುಂಚೆ, ಮತ್ತೆ ಅಕ್ಟೋಬರ್‌ನಲ್ಲಿ, ಮಧ್ಯಾಹ್ನ ಕಳೆದರೆ ಗುಡುಗು. ಸ್ಪೈಕ್ ಗಾರ್ಡ್ ಇದೆ ಎಂದು ನೆಮ್ಮದಿಯಾಗಿರುವ ಕಚೇರಿಯಲ್ಲಿ ಅರ್ಥಿಂಗ್ ಗುಂಡಿ ಒಣಗಿದ್ದರೆ ಆ ಗಾರ್ಡ್ ಬರಿಯ ಪ್ಲಗ್ ಪೆಟ್ಟಿಗೆ. ಅಲ್ಲದೆ ಸಿಡಿಲು ಕರೆಂಟಿನ ತಂತಿಯಲ್ಲಷ್ಟೇ ಬರುವುದಿಲ್ಲ, ಇಂಟರ್ನೆಟ್ಟಿನ ಲ್ಯಾನ್ ಕೇಬಲ್‌ನಲ್ಲೂ ಬರುತ್ತದೆ. ಸಂಜೆ ಬೀಗ ಹಾಕುವವರು ಎರಡನ್ನೂ ಕಳಚಿಟ್ಟು ಹೋಗಬೇಕು.

‘ಕಂಪ್ಯೂಟರ್ ಹಾಳಾಗಿದೆ’ ಎಂಬ ವರದಿಯನ್ನು ನಂಬುವ ಮುನ್ನ ಕೆಲವು ಪರೀಕ್ಷೆಗಳಿವೆ. ಪರದೆ ಕಪ್ಪಾಗಿದ್ದರೆ ಟಾರ್ಚ್ ಬಿಟ್ಟು ನೋಡಬೇಕು. ಮಸುಕಾಗಿ ಚಿತ್ರ ಕಂಡರೆ ಹೋಗಿರುವುದು ಬ್ಯಾಕ್‌ಲೈಟ್, ದಾಖಲೆಗಳು ಕ್ಷೇಮ. ಯಂತ್ರ ಏಳುವುದೇ ಇಲ್ಲವೆಂದರೆ ಪ್ಲಗ್ ಕಿತ್ತು, ಪವರ್ ಬಟನ್ ಅರ್ಧ ನಿಮಿಷ ಒತ್ತಿ ಹಿಡಿದು ಮತ್ತೆ ಜೋಡಿಸಬೇಕು; ಆಗಲೂ ಏಳದಿದ್ದರೆ ಮೊದಲ ಅನುಮಾನ ಅಡಾಪ್ಟರ್ ಮೇಲೆ. ಪ್ರತಿ ಸಲ ಕರೆಂಟು ಹೋಗಿ ಬಂದಾಗ ದಿನಾಂಕ ಹಳೆಯ ಇಸವಿಗೆ ಜಾರಿ, ಸರಕಾರಿ ಜಾಲತಾಣಗಳು ‘ಸುರಕ್ಷಿತವಲ್ಲ’ ಎಂದು ತೆರೆಯಲು ನಿರಾಕರಿಸಿದರೆ ಅದು ವೈರಸ್ಸಲ್ಲ. ಮದರ್‌ಬೋರ್ಡ್ ಮೇಲಿನ ಸಿಆರ್2032 ಎಂಬ ನಾಣ್ಯದಂಥ 3 ವೋಲ್ಟ್ ಬ್ಯಾಟರಿ ಮುಗಿದಿದೆ. ಅದರ ಬೆಲೆ ಐವತ್ತು ರೂಪಾಯಿಯೊಳಗೆ. ಇಷ್ಟಕ್ಕೆ ಪಿಡಿಒ ಒಬ್ಬರು ಕೊಟೇಶನ್, ಟಿಪ್ಪಣಿ, ಮಂಜೂರಾತಿ ಎಂದು ಅಲೆಯುವಂತಾಗಬಾರದು. ತಾಲೂಕಿಗೊಂದು ಬಿಡಿಭಾಗಗಳ ಪೆಟ್ಟಿಗೆ ಇರಲಿ. ಆಯಾ ಮಾದರಿಯ ಅಡಾಪ್ಟರ್, ಬ್ಯಾಟರಿ, ಒಂದೆರಡು ಎಸ್‌ಎಸ್‌ಡಿ ಅದರಲ್ಲಿರಲಿ. ಹಳೆಯ ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿದರೆ ಆಮೆಯಂತಾಗಿದ್ದ ಯಂತ್ರವೂ ಚುರುಕಾಗುತ್ತದೆ.

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿರುವುದರಿಂದ ಹೊಸ ಖರೀದಿಯ ಪ್ರಸ್ತಾವಗಳು ತಮ್ಮ ಮೇಜಿಗೆ ಬಂದೇ ಬರುತ್ತವೆ. ಆಗ ಸಿಪಿಯು ಮತ್ತು ಮಾನಿಟರ್ ಬೇರೆಬೇರೆ ಇರುವ ಯಂತ್ರವನ್ನೇ ಕೇಳಿ. ಒಂದು ಕೆಟ್ಟರೆ ಇನ್ನೊಂದು ಉಳಿಯುತ್ತದೆ. ಆಲ್-ಇನ್-ಒನ್ ಬೇಕೇಬೇಕೆಂದರೆ ಮೂರು ವರ್ಷ ಸ್ಥಳಕ್ಕೇ ಬಂದು ದುರಸ್ತಿ ಮಾಡಿಕೊಡುವ ಷರತ್ತನ್ನು ಟೆಂಡರ್‌ನಲ್ಲೇ ಬರೆಸಿ. ಗುಜರಿಗೆ ಹೋಗುವ ಹಳೆಯವು 2022ರ ಇ-ತ್ಯಾಜ್ಯ ನಿಯಮಗಳಂತೆ ನೋಂದಾಯಿತ ಮರುಬಳಕೆದಾರರಿಗೇ ಸೇರಲಿ. ಹೋಗುವ ಮೊದಲು ಡಿಸ್ಕ್ ತೆಗೆದಿಟ್ಟುಕೊಳ್ಳಲು ಹೇಳಿ, ಅದರಲ್ಲಿ ಊರವರ ಆಧಾರ್ ಪ್ರತಿಗಳಿರುತ್ತವೆ.

ಇತಿ,
ಈ ಮೂರು ತಾಲೂಕುಗಳ ಕಂಪ್ಯೂಟರ್ ಬಳಕೆದಾರರ ಪರವಾಗಿ