ಇಂಗ್ಲಿಷಿನ ಸರಿ-ತಪ್ಪು: ಪ್ರಮಾಣ ಯಾವುದು?

ಇಂಗ್ಲಿಷ್ ಬರೆಯುವವರನ್ನೂ ಕಲಿಸುವವರನ್ನೂ ಬಿಡದೆ ಕಾಡುವ ಕೆಲವು ಪ್ರಶ್ನೆಗಳಿವೆ. ಎಣಿಸಬಹುದಾದ ವಸ್ತುಗಳಿಗೆ ‘ಲೆಸ್’ ಎನ್ನಬಹುದೇ, ‘ಫ್ಯೂಅರ್’ ಎಂದೇ ಬರೆಯಬೇಕೇ? ವಾಕ್ಯವನ್ನು ‘ಆಫ್’, ‘ವಿತ್’ಗಳಂಥ ಪ್ರಿಪೊಸಿಷನ್ನಿನಿಂದ ಮುಗಿಸುವುದು ದೋಷವೇ? ‘ಪ್ರಿಪೋನ್’ ಇಂಗ್ಲಿಷ್ ಪದವೇ? ಉತ್ತರಿಸುವವರು ಕೂಡಲೇ ನಿಯಮವೊಂದನ್ನು ಮುಂದಿಡುತ್ತಾರೆ. ಆ ನಿಯಮ ಎಲ್ಲಿಂದ ಬಂದಿತೆಂದು ಕೇಳುವವರು ವಿರಳ.

1672ರಲ್ಲಿ ಕವಿ ಜಾನ್ ಡ್ರೈಡನ್, ತನಗಿಂತ ಹಿಂದಿನ ನಾಟಕಕಾರ ಬೆನ್ ಜಾನ್ಸನ್ನನ ವಾಕ್ಯಗಳು ಪ್ರಿಪೊಸಿಷನ್ನಿನಿಂದ ಮುಗಿಯುವುದನ್ನು ದೋಷವೆಂದು ಎತ್ತಿ ತೋರಿಸಿದನು. ಈ ದೋಷ ತನ್ನ ಬರಹದಲ್ಲಿಯೂ ಇದೆಯೆಂದು ಒಪ್ಪಿ, ಮುಂದೆ ತನ್ನ ಹಳೆಯ ಪ್ರಬಂಧದ ಮರುಮುದ್ರಣದಲ್ಲಿ ಅಂಥ ವಾಕ್ಯಗಳನ್ನು ತಿದ್ದಿಕೊಂಡನು. ಕಾರಣವನ್ನು ಮಾತ್ರ ಹೇಳಲಿಲ್ಲ, ಲ್ಯಾಟಿನ್ನಿನ ಮೋಹವಿದ್ದಿರಬೇಕು. 1762ರಲ್ಲಿ ವ್ಯಾಕರಣ ಬರೆದ ರಾಬರ್ಟ್ ಲೌತ್ ಇನ್ನೂ ಉದಾರಿ: ಆಡುಮಾತಿಗೆ ಇದು ಸಹಜ, ಗಂಭೀರ ಶೈಲಿಗೆ ಸಲ್ಲದು ಎಂದಷ್ಟೇ ಅವನ ನಿಲುವು. ಅದನ್ನು ಹೇಳುವಾಗಲೇ ಅವನು ಪ್ರಿಪೊಸಿಷನ್ನನ್ನು ಕೊನೆಗೆ ಇರಿಸಿದ್ದಾನೆ! ಅನಂತರದ ಪಠ್ಯಪುಸ್ತಕಗಳಲ್ಲಿ ಈ ಸಲಹೆಯೇ ಕಟ್ಟಳೆಯಾಯಿತು. ‘ಲೆಸ್-ಫ್ಯೂಅರ್’ ಕಥೆಯೂ ಹೀಗೆಯೇ. 1770ರಲ್ಲಿ ರಾಬರ್ಟ್ ಬೇಕರ್ ತನಗೆ ‘ಫ್ಯೂಅರ್’ ಹೆಚ್ಚು ಸೊಗಸೆನಿಸುತ್ತದೆ ಎಂದನು. ಎಣಿಸಬಹುದಾದವಕ್ಕೆ ‘ಲೆಸ್’ ಎನ್ನುವ ರೂಢಿಯಾದರೋ ಒಂಬತ್ತನೆಯ ಶತಮಾನದ ಆಲ್ಫ್ರೆಡ್ ದೊರೆಯ ಗದ್ಯದಷ್ಟು ಹಳೆಯದು.

ಕನ್ನಡ ವ್ಯಾಕರಣಪರಂಪರೆಯನ್ನು ಬಲ್ಲವರಿಗೆ ಇಲ್ಲಿ ಕೇಶಿರಾಜನ ನೆನಪಾಗದಿರದು. ಸಂಸ್ಕೃತದ ಚೌಕಟ್ಟನ್ನು ಬಳಸಿಕೊಂಡರೂ ಅವನು ‘ಶಬ್ದಮಣಿದರ್ಪಣ’ದ ಆರಂಭದಲ್ಲಿಯೇ ಗಜಗ, ಗುಣನಂದಿ, ಅಸಗ, ಪೊನ್ನ, ಪಂಪ ಮೊದಲಾದವರ ಪ್ರಯೋಗಗಳೇ ತನಗೆ ಲಕ್ಷ್ಯವೆಂದು ಸಾರುತ್ತಾನೆ. ಒಬ್ಬನ ಅಭಿರುಚಿಗಿಂತ ಬಲ್ಲವರ ಬಳಕೆ ದೊಡ್ಡದು ಎಂಬ ಈ ವಿವೇಕ ಇಂಗ್ಲಿಷಿಗೂ ಸಲ್ಲಬೇಕು.

ಸಲ್ಲುವುದಾದರೆ ‘ಪ್ರಿಪೋನ್’ ಕುರಿತ ಅಳುಕು ಅನಗತ್ಯ. ‘ಪೋಸ್ಟ್‌ಪೋನ್’ಗೆ ಪ್ರತಿಯಾಗಿ ಈ ಪದವನ್ನು 1913ರಲ್ಲಿಯೇ ಅಮೆರಿಕದ ಪತ್ರಿಕೆಯೊಂದರಲ್ಲಿ ಸೂಚಿಸಲಾಗಿತ್ತು. ಅಲ್ಲಿ ಬೇರೂರದ್ದು ಭಾರತದಲ್ಲಿ ಬೇರೂರಿತು. ಪರೀಕ್ಷೆಯನ್ನು ಹಿಂದಕ್ಕೆ ತಂದರೆಂದು ಒಂದೇ ಪದದಲ್ಲಿ ಹೇಳುವ ಅನುಕೂಲ ಲಂಡನ್ನಿನವರಿಗೆ ಬೇಡವಾದರೆ ಬಿಡಲಿ.

ಹಾಗೆಂದು ಎಲ್ಲವೂ ಸರಿಯೆನ್ನುವುದು ಸೋಮಾರಿತನ. ‘ಬಗ್ಗೆ ಚರ್ಚಿಸು’ ಎಂಬ ಕನ್ನಡದ ರೂಢಿ ‘ಡಿಸ್ಕಸ್ ಅಬೌಟ್’ ಎಂದು ಇಳಿದರೆ ಅರ್ಥಕ್ಕೇನೂ ಕುಂದಿಲ್ಲ, ಆದರೆ ಬಲ್ಲವರು ಬರೆಯುವ ರೀತಿ ಅದಲ್ಲ, ತಿದ್ದಿಕೊಳ್ಳುವುದೇ ಲೇಸು. ‘ಡೌಟ್’ನ ವಿಷಯ ಇನ್ನೂ ಗಂಭೀರ. ನಮ್ಮ ತರಗತಿಗಳಲ್ಲಿ ‘ಸಂದೇಹ’ವೆಂದರೆ ಕೇಳಬೇಕಾದ ಪ್ರಶ್ನೆ, ಗುರುವಿನ ಮೇಲಿನ ಅಪನಂಬಿಕೆಯಲ್ಲ. ಕನ್ನಡ ಮಾಧ್ಯಮದಿಂದ ಬಂದ ವಿದ್ಯಾರ್ಥಿಯೊಬ್ಬ ವಿದೇಶದ ಪ್ರಾಧ್ಯಾಪಕರಿಗೆ ಅವರ ಲೇಖನದಲ್ಲಿ ತನಗೆ ಎರಡು ‘ಡೌಟ್’ಗಳಿವೆಯೆಂದು ವಿನಯದಿಂದಲೇ ಬರೆದಾನು, ಲೇಖನವನ್ನೇ ಇವನು ನಂಬುತ್ತಿಲ್ಲವೆಂದು ಅವರು ತಿಳಿದಾರು. ‘ಪ್ರಿಪೋನ್’ ಕೆಳಗೆ ಕೆಂಪು ಗೆರೆ ಎಳೆದು ಇದನ್ನು ದಾಟಿಹೋಗುವ ಅಧ್ಯಾಪಕರಿಂದ ಆ ಹುಡುಗನಿಗೆ ಆಗುವ ನಷ್ಟ ಸಣ್ಣದಲ್ಲ.