ಬದನೆಯೊಳಗೆ ಉಳಿದ ಟೆಸ್ಟ್ ಕೋಡ್

ನಮ್ಮ ಡೊಂಬಿವಲಿ ಕನ್ನಡಿಗರ ವಾಟ್ಸಾಪ್ ಗುಂಪಿನಲ್ಲಿ ವರ್ಷಕ್ಕೊಮ್ಮೆಯಾದರೂ ಈ ಸಂದೇಶ ಸುತ್ತು ಹೊಡೆಯುತ್ತದೆ: ಬಿಟಿ ಬದನೆ ತಿಂದರೆ ಆಂಟಿಬಯಾಟಿಕ್ ನಾಟುವುದಿಲ್ಲವಂತೆ. ಅದನ್ನು ಹಂಚುವವರೇ ಸ್ಟೇಷನ್ ಹತ್ತಿರದ ಮೆಡಿಕಲ್‌ನಲ್ಲಿ ಚೀಟಿಯಿಲ್ಲದೆ ಅಜಿತ್ರೋಮೈಸಿನ್ ಕೊಂಡು, ಎರಡು ದಿನ ನುಂಗಿ, ಉಳಿದದ್ದನ್ನು ಫ್ರಿಜ್ ಮೇಲೆ ಇಡುತ್ತಾರೆ. ನಾನೂ ಇಟ್ಟಿದ್ದೇನೆ, ಸುಳ್ಳೇಕೆ.

ಆದರೆ ಅದನ್ನು ನಕ್ಕು ಅಳಿಸಿಬಿಡುವ ಐರೋಲಿ, ಮಹಾಪೆಯ ನಮ್ಮ ಬುದ್ಧಿವಂತರ ಮೇಲೂ ನನ್ನ ತಕರಾರಿದೆ.

ಧಾರವಾಡದ ಕೃಷಿ ವಿಶ್ವವಿದ್ಯಾಲಯವು ಮಹಿಕೊ ಕಂಪನಿಯೊಡನೆ ಸೇರಿ ಮಲಾಪುರ, ಕುಡಚಿ, ಉಡುಪಿ ಗುಳ್ಳದಂಥ ನಮ್ಮ ತಳಿಗಳಿಗೆ ತುಂಬಿದ್ದು ಕಾಯಿ ಕೊರೆಯುವ ಹುಳುವನ್ನು ಕೊಲ್ಲುವ ಜೀನ್ ಒಂದನ್ನೇ ಅಲ್ಲ. ಜತೆಗೆ ಇನ್ನೆರಡು ಬಂದವು. ಮೊದಲನೆಯದು ಎನ್‌ಪಿಟಿ-2. ಹೊಸ ಜೀನ್ ಹೊಕ್ಕುವುದು ಕೆಲವೇ ಕೋಶಗಳಿಗೆ. ಕ್ಯಾನಮೈಸಿನ್ ಬೆರೆಸಿ ಬೆಳೆಸಿದರೆ ಹೊಕ್ಕವು ಬದುಕುತ್ತವೆ, ಉಳಿದವು ಸಾಯುತ್ತವೆ. ಆರಿಸಿದ್ದಾದ ಮೇಲೆ ಅದಕ್ಕೆ ಕೆಲಸವಿಲ್ಲ. ಎರಡನೆಯದು ಎಎಡಿ, ಸ್ಟ್ರೆಪ್ಟೊಮೈಸಿನ್ನಿಗೆ ಜಗ್ಗದ್ದು. ಇದು ಬದನೆ ಗಿಡದಲ್ಲಿ ಚಾಲೂ ಆಗುವುದೇ ಇಲ್ಲ! ಪ್ರಯೋಗಶಾಲೆಯ ಬ್ಯಾಕ್ಟೀರಿಯಾದಲ್ಲಿ ಡಿಎನ್‌ಎ ಬೆಳೆಸುವಾಗ ಬೇಕಾಗಿದ್ದದ್ದು, ಹಾಗೇ ಅಂಟಿಕೊಂಡು ಬಂತು.

ಗಿಡದಿಂದ ಬ್ಯಾಕ್ಟೀರಿಯಾಕ್ಕೆ ಜೀನ್ ದಾಟುವುದು ತೀರಾ ಅಪರೂಪ, ಮಣ್ಣಿನಲ್ಲಿ ಇಂಥವು ಮೊದಲೇ ಇವೆ ಎನ್ನುತ್ತಾರೆ. ನಿಜ. ಕ್ಷಯದ ರೋಗಾಣು ಈ ಔಷಧಗಳಿಗೆ ಮಣಿಯದಿರುವುದೂ ತನ್ನದೇ ಜೀನ್ ಬದಲಾವಣೆಯಿಂದ, ಬದನೆಯಿಂದಲ್ಲ. ಆದರೆ ನನ್ನ ಟೀಮಿನ ಹುಡುಗ ಟೆಸ್ಟ್ ಪಾಸ್‌ವರ್ಡ್ ಕೋಡಿನಲ್ಲೇ ಬಿಟ್ಟು, "ಯಾರೂ ನೋಡಲ್ಲ ಸರ್" ಎಂದರೆ ನಾನು ರಿಲೀಸಿಗೆ ಸಹಿ ಹಾಕುತ್ತೇನೆಯೇ?

ತೆಗೆಯಲು ಬಾರದ್ದೂ ಅಲ್ಲ. ಗುರುತಿನ ಜೀನನ್ನು ಆಮೇಲೆ ಕತ್ತರಿಸುವ ವಿದ್ಯೆ 1990ರ ದಶಕದಿಂದಲೇ ಇದೆ. ಗೋಲ್ಡನ್ ರೈಸ್‌ನವರು ಆಂಟಿಬಯಾಟಿಕ್ ಬದಲು ಮ್ಯಾನೋಸ್ ಎಂಬ ಸಕ್ಕರೆಯಿಂದ ಆರಿಸಿಕೊಂಡರು. ಅಪಾಯ ತರಬಹುದಾದ ನಿರೋಧಕ ಜೀನ್‌ಗಳನ್ನು ಮಾರುಕಟ್ಟೆಯ ಬೆಳೆಗಳಲ್ಲಿ 2004ರೊಳಗೆ ಕೈಬಿಡಬೇಕೆಂದು ಯುರೋಪ್ 2001ರಲ್ಲೇ ಕಾನೂನು ಮಾಡಿತ್ತು. ನಮ್ಮ ಜಿಇಎಸಿ ಸಮಿತಿ 2009ರ ಅಕ್ಟೋಬರ್ 14ರಂದು ಎರಡೂ ಜೀನ್ ಸಮೇತ ಬದನೆಗೆ ಒಪ್ಪಿಗೆ ಕೊಟ್ಟಿತು.

2010ರ ಫೆಬ್ರವರಿ 9ರಂದು ಸಚಿವ ಜೈರಾಮ್ ರಮೇಶ್ ತಡೆ ಹಾಕಿದರು. ಗೆದ್ದೆವೆಂದು ಕುಣಿದವರು ಹತ್ತಿಯನ್ನು ಮರೆತರು. 2002ರಲ್ಲಿ ಬಂದ ಬಿಟಿ ಹತ್ತಿಯಲ್ಲೂ ಇವೇ ಎರಡು ಜೀನ್. ಅದರ ಹಿಂಡಿಯನ್ನು ನಮ್ಮ ಎಮ್ಮೆಗಳು ಇಂದಿಗೂ ತಿನ್ನುತ್ತಿವೆ. ನನಗೆ ಜೀನ್ ತಂತ್ರಜ್ಞಾನ ಬೇಡವೆಂದಲ್ಲ, ಹುಳುವಿನ ಔಷಧಿ ಹೊಡೆಯುವುದು ತಪ್ಪಿದರೆ ಒಳ್ಳೆಯದೇ. ನಾಳೆ ಬದನೆಯ ಕಡತ ಮತ್ತೆ ತೆರೆದರೆ, ಆ ಎರಡನ್ನು ಕಿತ್ತು ತನ್ನಿ. ಆಮೇಲೆ ಉಳಿದ ಮಾತು.